ಟ್ರೈನಿನಲ್ಲಿ ಹೋಗುವ ಪೇಟಿ

ವಾಣಿಶ್ರೀಯ ಮುತ್ತಜ್ಜಿ ಶಿವಬಸವ್ವ ಗದಗ ಸೀಮೆಯಲ್ಲಿ ನಾಟಕದ ಕಂಪನಿ ಕಟ್ಟಿದ ಹೆಣ್ಣುಮಗಳು. ಒಮ್ಮೆ ಕಂಪನಿಯ ಗಂಡಸರೆಲ್ಲ ಊಟದ ಜಗಳಕ್ಕೆ ಮುನಿದು ಊರ ದಾರಿ ಹಿಡಿದಾಗ, ತಾನೇ ಮೀಸೆ ಅಂಟಿಸಿಕೊಂಡು ರಾಜನ ಪಾರ್ಟು ಮಾಡಿದಳು. ಮಾರನೆಯ ದಿನ ಮೀಸೆ ಕೀಳಲೂ ಪುರಸೊತ್ತಿಲ್ಲದೆ ಎತ್ತಿನ ಗಾಡಿ ಹೂಡಿಕೊಂಡು ಮುಂದಿನ ಮೊಕ್ಕಾಮಿಗೆ ಹೋದಳು. ಅವಳ ಮಗ ಅಪ್ಪಾಸಾಹೇಬ ಕಾಲಪೇಟಿ, ಅಂದರೆ ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ, ನುಡಿಸುವುದರಲ್ಲಿ ಹೆಸರಾದವನು. ಬಿರುಗಾಳಿಗೆ ತಂಬುವಿನ ದೀಪ ಆರಿ ಜನ ಎದ್ದು ಓಡುವ ಹೊತ್ತಿನಲ್ಲಿ, ಕತ್ತಲಲ್ಲೇ ಪೇಟಿ ನುಡಿಸುತ್ತ ಅವರನ್ನು ಕೂತಲ್ಲೇ ಕೂರಿಸಿದವನು. ಅಪ್ಪಾಸಾಹೇಬನ ಮಗಳು ನಿಂಗವ್ವ ಹೆಣ್ಣುಮಕ್ಕಳ ಶಾಲೆಯಲ್ಲಿ ಹಾಡು ಕಲಿಸುವ ಟೀಚರು. ಹುಬ್ಬಳ್ಳಿಯಿಂದ ನವಲಗುಂದಕ್ಕೆ ಕೆಂಪು ಬಸ್ಸಿನಲ್ಲಿ ಪೇಟಿ ಹೊತ್ತು ಹೋಗಿ ಬರುತ್ತಿದ್ದಳು. ಪೇಟಿಗೂ ಟಿಕೆಟ್ ತೆಗೆಸಬೇಕೆಂದು ಹಟ ಹಿಡಿದ ಕಂಡಕ್ಟರನಿಗೆ, ಟಿಕೆಟ್ ಕೊಟ್ಟಮೇಲೆ ಸೀಟೂ ಕೊಡಬೇಕು ಎಂದು ಹೇಳಿ, ಪೇಟಿಯನ್ನು ಅವನ ಸೀಟಿನಲ್ಲೇ ಕೂರಿಸಿ ಬಸ್ಸೆಲ್ಲ ನಗುವಂತೆ ಮಾಡಿದಳು.

ಆ ನಿಂಗವ್ವನ ಮಗಳು ವಾಣಿಶ್ರೀ. ಮನೆತನದಿಂದ ಬಂದ ಆಸ್ತಿ ಎಂದರೆ ಒಂದು ಕೈಪೇಟಿ, ಒಂದಷ್ಟು ರಂಗಗೀತೆ, ಯಾರಿಗೂ ಸೊಪ್ಪು ಹಾಕದ ನಾಲಿಗೆ. ಗಂಡನ ಟೆಲಿಕಾಂ ಕೆಲಸದ ಬೆನ್ನು ಹತ್ತಿ ಅಮೆರಿಕದ ಟೆಕ್ಸಾಸಿನಲ್ಲಿ ಡ್ಯಾಲಸ್ ಮಗ್ಗುಲಿನ ರಿಚರ್ಡ್‌ಸನ್ನಿಗೆ ಬಂದವಳು, ಅಲ್ಲಿಯೇ ತಾನೂ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತು ಡ್ಯಾಲಸ್ ಡೌನ್‌ಟೌನಿನ ಒಂದು ಆಫೀಸಿಗೆ ಸೇರಿದಳು. ಗಂಡ ತೀರಿಕೊಂಡು ಕೆಲವು ವರ್ಷಗಳಾದವು. ಮಗಳು ಅಮೂಲ್ಯಾ ಆಸ್ಟಿನ್ ಮಗ್ಗುಲಿನ ರೌಂಡ್ ರಾಕ್‌ನಲ್ಲಿ ಸಂಸಾರ ಹೂಡಿದ್ದಾಳೆ.

ವಾಣಿಶ್ರೀ ಕಾರು ಓಡಿಸಲು ಬಾರದವಳಲ್ಲ. ಹ್ಯೂಸ್ಟನ್ನಿನ ಕನ್ನಡ ಸಮ್ಮೇಳನಕ್ಕೆ ಗಂಡನನ್ನು ಪಕ್ಕದಲ್ಲಿ ಮಲಗಿಸಿಕೊಂಡು ತಾನೇ ಡ್ರೈವ್ ಮಾಡಿಕೊಂಡು ಹೋಗಿ ಬಂದವಳು. ಆದರೆ ಗ್ಲಾಕೋಮಾ ಬಂದು ಕಣ್ಣಿನ ಅಂಚು ಮುಕ್ಕಾಯಿತು. ಎದುರಿಗಿರುವುದು ಕಾಣುತ್ತದೆ, ಪಕ್ಕದಲ್ಲಿ ಬರುವುದು ಕಾಣುವುದಿಲ್ಲ. ಒಂದು ದಿನ ತಿರುವಿನಲ್ಲಿ ಸೈಕಲ್ಲಿನ ಹುಡುಗಿಯೊಬ್ಬಳು ಕೂದಲೆಳೆಯಲ್ಲಿ ಪಾರಾದಳು. ಅಂದು ಮನೆಗೆ ಬಂದವಳೇ ಕಾರನ್ನು ಮಗಳಿಗೆ ಒಯ್ಯಲು ಹೇಳಿದಳು. ಯಾರೂ ಕೀಲಿಕೈ ಕಸಿಯಲಿಲ್ಲ, ತಾನೇ ಕೊಟ್ಟಳು. ಟೆಕ್ಸಾಸಿನಲ್ಲಿ ಕಾರಿಲ್ಲದವರು ಕಾಲಿಲ್ಲದವರ ಲೆಕ್ಕ. ಅದು ಗೊತ್ತಿದ್ದೇ ಕೊಟ್ಟಳು.

ಮಗಳು ಕೂಡಲೇ ತನ್ನಲ್ಲಿಗೆ ಶಿಫ್ಟ್ ಆಗಲು ಕರೆದಳು. ವಾಣಿಶ್ರೀ ಹೋಗಿ ಕೆಲವು ದಿನ ಇದ್ದು ನೋಡಿದಳು. ದೊಡ್ಡ ಮನೆ, ಬೇಕಾದ ಅನುಕೂಲ. ಆದರೆ ಬಾಗಿಲು ತೆರೆದರೆ ಬರೀ ಡಾಂಬರು ರಸ್ತೆ. ಮಗಳೋ ಅಳಿಯನೋ ಬರುವ ತನಕ ಅಂಗಡಿಯ ಮುಖವೂ ಇಲ್ಲ, ಮನುಷ್ಯರ ಮುಖವೂ ಇಲ್ಲ. ಮೊಮ್ಮಗನಿಗೆ ಕನ್ನಡದಲ್ಲಿ ಕಥೆ ಹೇಳಿದರೆ ಅವನು ಇಂಗ್ಲಿಷಿನಲ್ಲಿ ಹೂಂಗುಟ್ಟುತ್ತಿದ್ದ. ಅವಳು ವಾಪಸು ಬಂದು ರಿಚರ್ಡ್‌ಸನ್ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಸಣ್ಣ ಅಪಾರ್ಟ್‌ಮೆಂಟ್ ಹಿಡಿದಳು.

ಅಲ್ಲಿಂದ ಅವಳ ಬದುಕು ಟ್ರೈನಿನ ಹಳಿಯ ಮೇಲೆ ನಡೆಯಿತು. ಆಫೀಸು, ಕಣ್ಣಿನ ಡಾಕ್ಟರು, ಕಿರಾಣಿ ಅಂಗಡಿ ಎಲ್ಲಕ್ಕೂ ಟ್ರೈನು, ಅದರಾಚೆಗೆ ಬಸ್ಸು. ಸುಖವೇನಲ್ಲ ಅದು. ಆಗಸ್ಟ್ ಬಂತೆಂದರೆ ಪ್ಲಾಟ್‌ಫಾರ್ಮ್ ಮೇಲೆ ನಿಂತವರು ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬುತ್ತಾರೆ. ಬಸ್ಸು ತಪ್ಪಿತೆಂದರೆ ಇನ್ನೊಂದು ಬರುವ ಹೊತ್ತಿಗೆ ಬೈಗುಳಗಳೆಲ್ಲ ಮುಗಿದಿರುತ್ತವೆ. ಆದರೂ ಟ್ರೈನಿಗೆ ಯಾರ ಮುಲಾಜೂ ಇಲ್ಲ. ಟಿಕೆಟ್ ತೆಗೆಸಿದವರು ಹತ್ತಬಹುದು, ಬೇಕಾದಲ್ಲಿ ಇಳಿಯಬಹುದು. ಪೇಟಿಯನ್ನು ಗಾಲಿಯ ಟ್ರಾಲಿಗೆ ಬೆಲ್ಟಿನಿಂದ ಬಿಗಿದು, ಮೇಲೆ ಹಳೆಯ ಇಳಕಲ್ ಸೀರೆಯ ತುಂಡು ಹೊದಿಸಿ ಅವಳು ಎಳೆದುಕೊಂಡು ಹೋಗುತ್ತಿದ್ದಳು. ಒಮ್ಮೆ ಗಿಟಾರು ಹಿಡಿದ ಮುದುಕನೊಬ್ಬ ಅದೇನು ಹೊಲಿಗೆ ಮಷೀನೇ ಎಂದು ಕೇಳಿದ. ಅವಳು ಬೆಲ್ಟು ಬಿಚ್ಚಿ ತಿದಿ ಒತ್ತಿ ಒಂದು ಸ್ವರ ಹಿಡಿದು ತೋರಿಸಿದಳು. ಅವನು ತನ್ನ ತಂತಿಯನ್ನು ಆ ಸ್ವರಕ್ಕೆ ತಿರುಪಿಕೊಂಡು ತನ್ನ ಸ್ಟೇಷನ್ ಬರುವ ತನಕ ಜೊತೆಗೆ ಮೀಟಿದ. ಬೋಗಿಯಲ್ಲಿ ಒಬ್ಬಳು ನರ್ಸು ಕಿವಿಯಿಂದ ಹೆಡ್‌ಫೋನ್ ತೆಗೆದಳು. ಉಳಿದವರು ತಮ್ಮ ಹೆಡ್‌ಫೋನಿನ ಸದ್ದು ಏರಿಸಿಕೊಂಡರು.

ಸ್ಟೇಷನ್ ಹತ್ತಿರದ ಹಳೆಯ ಸಮುದಾಯ ಭವನದ ಕೋಣೆಯೊಂದರಲ್ಲಿ ಶನಿವಾರ ಕನ್ನಡದ ಮಂದಿ ಸೇರಿ ಹಾಡುತ್ತಿದ್ದರು. ವಚನ, ದಾಸರ ಪದ, ರಂಗಗೀತೆ, ಯಾರಿಗೆ ಏನು ಬರುತ್ತದೋ ಅದು. ಶುರು ಮಾಡಿದವಳು ವಾಣಿಶ್ರೀ. ಪೇಟಿ ಅವಳದು, ಶ್ರುತಿ ಹಿಡಿದು ಕೊಡುವವಳು ಅವಳು, ತಪ್ಪಿದವರ ತೊಡೆಗೆ ಬಡಿಯುವವಳೂ ಅವಳೇ. ವಾರವಿಡೀ ಕಂಪ್ಯೂಟರಿನ ತಪ್ಪು ಹುಡುಕುವ ಆ ಹೆಂಗಸು ಆ ಒಂದು ಮಧ್ಯಾಹ್ನಕ್ಕಾಗಿ ಬದುಕುತ್ತಿದ್ದಳು ಎಂದರೆ ಹೆಚ್ಚಲ್ಲ.

ಆದರೆ ಹಾಡುವವರೆಲ್ಲ ಒಬ್ಬೊಬ್ಬರಾಗಿ ಉತ್ತರಕ್ಕೆ, ಫ್ರಿಸ್ಕೋ ಕಡೆಗೆ, ದೊಡ್ಡ ಮನೆ ಕೊಂಡು ಹೋದರು. ಬಳಗದ ವ್ಯವಸ್ಥೆ ನೋಡುವ ಮೋಹನರಾಜ ಮೈಸೂರಿನವನು, ಒಳ್ಳೆಯ ಮನುಷ್ಯ, ಎಲ್ಲರಿಗೂ ಬೇಕಾದವನು. ಅವನ ಹೊಸ ಮನೆ ಫ್ರಿಸ್ಕೋವನ್ನೂ ದಾಟಿದ ಬಡಾವಣೆಯಲ್ಲಿ. ಆ ಬಡಾವಣೆಗೊಂದು ಕ್ಲಬ್‌ಹೌಸ್ ಇದೆ, ಪಾರ್ಕಿಂಗ್ ಇದೆ, ಶನಿವಾರದ ಹಾಡನ್ನು ಅಲ್ಲಿಗೆ ಒಯ್ಯೋಣ ಎಂದು ಅವನು ಮಾತೆತ್ತಿದ. ಅಲ್ಲಿಗೆ ಟ್ರೈನೂ ಇಲ್ಲ, ಬಸ್ಸೂ ಇಲ್ಲ ಎಂದು ವಾಣಿಶ್ರೀ ಹೇಳಿದಳು. ಎಲ್ಲರೂ ನಕ್ಕರು, ಕೇಡಿನಿಂದಲ್ಲ, ಪ್ರೀತಿಯಿಂದಲೇ.

"ಈ ಊರಲ್ಲಿ ಟ್ರೈನ್ ಯಾರು ಆಂಟಿ ಹತ್ತುತ್ತಾರೆ?" ಎಂದ ಮೋಹನರಾಜ.

"ನಾ ಹತ್ತತೀನಲ್ಲಪಾ. ನಾ ಯಾರೂ ಅಲ್ಲೇನು?"

"ಅಯ್ಯೋ, ನಿಮಗೆ ರೈಡ್ ಕೊಡೋಕೆ ನಾವಿಲ್ವಾ? ನೀವು ಸುಮ್ನೆ ರೆಡಿಯಾಗಿ ಕೂತಿರಿ, ಸಾಕು."

ಕೈ ಎತ್ತಿಸಿ ನೋಡಿದರು. ಕಾರಿದ್ದವರ ಕೈಗಳು ಮೇಲೆದ್ದವು. ಅವಳಿಗೊಬ್ಬಳಿಗಾಗಿ ಎಲ್ಲರೂ ದಕ್ಷಿಣಕ್ಕೆ ಬರಬೇಕು ಎನ್ನುವುದು ನ್ಯಾಯವೇ ಎಂದು ಕೇಳಿದರೆ ಏನು ಹೇಳುವುದು? ಅವಳು ಒಪ್ಪಿಕೊಂಡಳು. ಅಂದಿನಿಂದ ರೆಡಿಯಾಗಿ ಕೂತಿರುವುದೇ ಅವಳ ಕೆಲಸವಾಯಿತು.

ರೈಡ್ ಕೊಡುವವರ ಕಾರು ಹತ್ತಿದ ಮೇಲೆ ಅವರ ಹೊತ್ತೇ ನಮ್ಮ ಹೊತ್ತು. ದಾರಿಯಲ್ಲಿ ಒಬ್ಬರು ಕರಿಬೇವಿಗೆಂದು ಅಂಗಡಿಯ ಮುಂದೆ ನಿಲ್ಲಿಸಿ ಅಕ್ಕಿಯ ಮೂಟೆ, ಮಾವಿನ ಪೆಟ್ಟಿಗೆ ಎಲ್ಲ ತರುವವರೆಗೆ ಅವಳು ಕೂತಿರಬೇಕು. ಇನ್ನೊಬ್ಬರು ಮಗನ ಸಾಕರ್ ಮುಗಿಸಿ ಬಂದರೆ ಕೆಸರಿನ ಬೂಟು ಪೇಟಿಯ ಮೇಲೆ. ಹಾಡು ಕಾವೇರುವ ಹೊತ್ತಿಗೆ ಕಾರಿನವರಿಗೆ ಮನೆಗೆ ಹೋಗಬೇಕು, ಪೇಟಿ ಮುಚ್ಚು. ಅವರು ಹರಟೆಗೆ ಕೂತರೆ ಇವಳಿಗೆ ನಿದ್ದೆ ಬಂದರೂ ಕೂತಿರು. ಕಾರಿನಲ್ಲಿ ಉಪದೇಶ ಬೇರೆ: ಮಗಳ ಮನೆಗೆ ಹೋಗಬಾರದೇ, ಇನ್ನೊಬ್ಬ ಕಣ್ಣಿನ ಡಾಕ್ಟರಿಗೆ ತೋರಿಸಬಾರದೇ. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ, ಅವಳು ಹೂಂ ಎನ್ನುತ್ತಿದ್ದಳು. ನಿಂಗವ್ವನ ಮಗಳು ಹೂಂ ಎನ್ನುವುದನ್ನು ಕಲಿತದ್ದು ಇನ್ನೊಬ್ಬರ ಕಾರಿನ ಹಿಂದಿನ ಸೀಟಿನಲ್ಲಿ.

ಬರಿಗೈಯಲ್ಲಿ ಕಾರು ಹತ್ತುವುದು ಹೇಗೆ ಎಂದು ಅವಳು ಶುಕ್ರವಾರವೇ ಶೇಂಗಾ ಹುರಿದು ಚಟ್ನಿಪುಡಿ ಕುಟ್ಟಿ ಡಬ್ಬಿ ತುಂಬಿಡುತ್ತಿದ್ದಳು. ಅಭ್ಯಾಸ ಮಾಡುವ ಸಂಜೆ ಹೀಗೆ ಒರಳಿನ ಪಾಲಾಯಿತು. ಮೊದಮೊದಲು ಬೇಡ ಬೇಡ ಎನ್ನುತ್ತ ತೆಗೆದುಕೊಂಡವರು, ಬರಬರುತ್ತ ಈ ವಾರ ಅಗಸೆಯದು ಮಾಡಿ, ಖಾರ ಕಡಿಮೆ ಇರಲಿ ಎಂದು ಹೇಳಿ ಕಳಿಸತೊಡಗಿದರು.

ಇಷ್ಟನ್ನೆಲ್ಲ ಅವಳು ನುಂಗಿಕೊಂಡದ್ದು ಬಳಗದ ವಾರ್ಷಿಕೋತ್ಸವದ ಒಂದು ಹಾಡಿನ ಆಸೆಗೆ. ಶಿವಬಸವ್ವನ ಕಂಪನಿಯ ರಂಗಗೀತೆ ಅದು, ಭೀಮಪಲಾಸ ರಾಗದ್ದು. ಬಳಗದಲ್ಲಿ ಕುಮುದಾ ಎಂಬ ಬೆಂಗಳೂರಿನ ಹೆಣ್ಣುಮಗಳಿಗೆ ಒಳ್ಳೆಯ ಕಂಠ. ಬೇಸಿಗೆಯಿಂದ ಅವಳಿಗೆ ಅದನ್ನು ಕಲಿಸಿದ್ದಳು. ನಡುವೆ ಒಂದೆಡೆ ಹಾಡುವವಳು ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಾಳೆ, ಪೇಟಿಯೊಂದೇ ಮಾತಾಡುತ್ತದೆ. ಆ ತುಣುಕು ಅಪ್ಪಾಸಾಹೇಬನಿಂದ ನಿಂಗವ್ವನಿಗೆ, ನಿಂಗವ್ವನಿಂದ ಇವಳಿಗೆ ಬೆರಳಿನಿಂದ ಬೆರಳಿಗೆ ಇಳಿದು ಬಂದದ್ದು. ಮುಂದೆ ಕಲಿಯಲು ಮನೆಯಲ್ಲಿ ಯಾರೂ ಇಲ್ಲ. ಒಮ್ಮೆಯಾದರೂ ನಾಲ್ಕು ಜನ ಕೇಳಲಿ ಎನ್ನುವುದು ಅವಳ ಹಂಬಲ.

ಆ ದಿನ ಅವಳನ್ನು ಕರೆತರುವ ಹೊಣೆ ಯಾರದು ಎಂದು ಬಳಗದ ಫೋನ್ ಗುಂಪಿನಲ್ಲಿ ಮಾತಾಯಿತು. ರಘೂತ್ತಮ ಎನ್ನುವವನು ತಾನು ಕರೆತರುತ್ತೇನೆ ಎಂದು ಬರೆದ. ಕುಮುದಾ, ವಾಣಿಶ್ರೀಯ ಮನೆ ತನ್ನ ದಾರಿಯಲ್ಲೇ ಇದೆ, ತಾನೇ ಕರೆತರುತ್ತೇನೆ ಎಂದಳು. ಅವನು ಅದರ ಕೆಳಗೆ ಒಪ್ಪಿಗೆಯ ಹೆಬ್ಬೆರಳಿನ ಚಿತ್ರ ಒತ್ತಿದ. ಅವಳು ಅವನ ಮಾತಿನ ಕೆಳಗೆ ಹೆಬ್ಬೆರಳು ಒತ್ತಿದಳು. ಅವಳು ಕರೆತರುತ್ತಾಳೆ ಎಂದು ಅವನು ನಿಶ್ಚಿಂತೆಯಿಂದ ಹೊರಟ, ಅವನು ಕರೆತರುತ್ತಾನೆ ಎಂದು ಅವಳು ಹೊರಟಳು. ಸೂಲಗಿತ್ತಿಯರು ಹೆಚ್ಚಾಗಿ ಕೂಸು ಕೆಟ್ಟಿತು ಎನ್ನುವ ಗಾದೆ ಸುಳ್ಳಲ್ಲ.

ವಾಣಿಶ್ರೀ ಇಳಕಲ್ ಸೀರೆ ಉಟ್ಟು, ಪೇಟಿ ಬಿಗಿದುಕೊಂಡು, ಕಾರಿನವರಿಗೆ ಸುಲಭವಾಗಲಿ ಎಂದು ಸ್ಟೇಷನ್ ಮುಂದಿನ ಬೆಂಚಿನ ಮೇಲೆ ಕೂತಳು. ಎರಡು ದಿಕ್ಕಿನ ಟ್ರೈನುಗಳು ಬಂದು ಹೋದವು, ಮತ್ತೆ ಬಂದವು. ರಘೂತ್ತಮನಿಗೆ ಫೋನ್ ಮಾಡಿದಳು, ಕುಮುದಾಗೆ ಮಾಡಿದಳು, ಮೋಹನರಾಜನಿಗೂ ಮಾಡಿದಳು. ಕಾರ್ಯಕ್ರಮವೆಂದು ಎಲ್ಲರ ಫೋನೂ ಮೌನ. ಕಡೆಗೆ ಕ್ಯಾಬ್ ಕರೆದಳು. ಅದು ತಡವಾಗಿ ಬಂತು, ಹೈವೇಯ ಮೇಲೆ ಸಿಕ್ಕಿಕೊಂಡು ಇನ್ನೂ ತಡವಾಯಿತು. ಕ್ಲಬ್‌ಹೌಸಿನ ಬಾಗಿಲಿಗೆ ಪೇಟಿ ಎಳೆದುಕೊಂಡು ಬಂದಾಗ ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು, ಜನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು.

"ಬಂದ್ರಾ ಆಂಟಿ? ಯಾರ ಕಾರಲ್ಲಿ ಬಂದ್ರಿ?" ಎಂದು ರಘೂತ್ತಮ ನಗುತ್ತ ಕೇಳಿದ.

ಕುಮುದಾ ಅವಳ ಮುಖ ನೋಡಿ ಓಡಿ ಬಂದಳು. ಆಗ ನಡೆದದ್ದು ತಿಳಿಯಿತು. ಹಾಲ್ ಬಿಟ್ಟುಕೊಡುವ ಹೊತ್ತಾಗುತ್ತಿತ್ತು, ರಘೂತ್ತಮ ಕಾರು ನಿಲ್ಲಿಸಿ ನಿಮ್ಮನ್ನು ಕರೆತರುತ್ತಾನೆ ಎಂದು ಕಾದೆ, ಮೋಹನರಾಜ ಅವಸರ ಮಾಡಿದ, ಫೋನಿನ ಶ್ರುತಿ ಇಟ್ಟುಕೊಂಡು ಹಾಡಿಬಿಟ್ಟೆ ಎಂದಳು. ಪೇಟಿಯ ತುಣುಕು ಬರುವ ಜಾಗದಲ್ಲಿ ಏನು ಮಾಡಿದೆ ಎಂದು ವಾಣಿಶ್ರೀ ಕೇಳಿದಳು. ಅದನ್ನು ಬಿಟ್ಟು ಮುಂದಕ್ಕೆ ಹೋದೆ, ಯಾರಿಗೂ ಗೊತ್ತಾಗಲಿಲ್ಲ ಆಂಟಿ ಎಂದಳು ಕುಮುದಾ, ಸಮಾಧಾನ ಮಾಡುವ ದನಿಯಲ್ಲಿ. ಅಷ್ಟರಲ್ಲಿ ಯಾರೋ ಪುಣ್ಯವಂತರು ವಾಣಿಶ್ರೀಯ ಕೈಗೆ ತಟ್ಟೆ ಕೊಟ್ಟು ಬಿಸಿಬೇಳೆಬಾತ್ ಆರುತ್ತದೆ, ಊಟ ಮಾಡಿ ಎಂದರು.

ಅವಳ ಸಿಟ್ಟಿಗೆ ಇನ್ನೊಂದು ಅವಮಾನ ಬಾಕಿಯಿತ್ತು. ಮನೆಗೆ ಹೋಗಲಿಕ್ಕೂ ಕಾರು ಬೇಕಲ್ಲ. ರಘೂತ್ತಮನ ಕಾರಿನಲ್ಲೇ ಹೋದಳು. ಅವನು ದಾರಿಯುದ್ದಕ್ಕೂ ಕ್ಷಮೆ ಕೇಳಿದ. ಪ್ರತಿ ಸಲ ಪರವಾಗಿಲ್ಲ ಎನ್ನಬೇಕಾದ ಕೆಲಸ ಅವಳದಾಯಿತು.

ಮುಂದಿನ ಭಾನುವಾರ ಮೋಹನರಾಜ ಮತ್ತು ಕುಮುದಾ ಹಣ್ಣು ಹಿಡಿದು ಅವಳ ಮನೆಗೆ ಬಂದರು. ಇನ್ನು ಮೇಲೆ ಹೀಗಾಗದಂತೆ ಪಕ್ಕಾ ಮಾಡಿದ್ದೇವೆ ಎಂದರು. ವರ್ಷದ ಪಾಳಿ ಹಾಕಿದ್ದಾರೆ, ಪ್ರತಿ ಶನಿವಾರಕ್ಕೆ ಒಬ್ಬರ ಕಾರು, ಅವರು ತಪ್ಪಿದರೆ ಇನ್ನೊಬ್ಬರು, ಇಬ್ಬರೂ ತಪ್ಪಿದರೆ ಬಳಗದ ಖರ್ಚಿನಲ್ಲಿ ಕ್ಯಾಬ್. ಮೋಹನರಾಜ ಇದನ್ನು ಹೇಳುವಾಗ ಅವನ ಕಣ್ಣಿನಲ್ಲಿ ನಿಜವಾದ ಕಾಳಜಿಯಿತ್ತು.

ವಾಣಿಶ್ರೀ ಎಲ್ಲ ಕೇಳಿ, ತಿಂಗಳಿಗೊಂದು ಶನಿವಾರವಾದರೂ ಹಳೆಯ ಕೋಣೆಯಲ್ಲಿ ಹಾಡೋಣವೇ ಎಂದಳು. ಅವತ್ತು ನಾನು ನಡೆದು ಬರುತ್ತೇನೆ, ನೀವು ಕಾರಿನಲ್ಲಿ ಬನ್ನಿ, ಎಲ್ಲರೂ ಅವರವರ ಕಾಲ ಮೇಲೆ ಬಂದ ಹಾಗಾಗುತ್ತದೆ ಎಂದಳು. ಮೋಹನರಾಜ ತಲೆ ಕೆರೆದುಕೊಂಡ. ಮಕ್ಕಳ ಕ್ಲಾಸುಗಳೆಲ್ಲ ಆ ಕಡೆ, ಹೈವೇಯ ಟ್ರಾಫಿಕ್ಕು, ಇಲ್ಲಿ ಪಾರ್ಕಿಂಗ್ ಸಿಗುವುದೇ ಕಷ್ಟ ಎಂದ. ಮೂವತ್ತು ಕಾರುಗಳಿಗೆ ಜಾಗ ಹುಡುಕುವುದಕ್ಕಿಂತ ಒಬ್ಬರನ್ನು ಕರೆದುಕೊಂಡು ಹೋಗುವುದು ಸುಲಭವಲ್ಲವೇ ಎಂದು ಅವನೇ ಕೇಳಿದ. ಅವನ ಲೆಕ್ಕ ತಪ್ಪಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಉರಿಸಿತು.

"ನೀವಿಲ್ಲದೆ ನಂಗೆ ಹಾಡೋಕೇ ಆಗಲ್ಲ ಆಂಟಿ," ಎಂದಳು ಕುಮುದಾ.

"ಮೊನ್ನೆ ಹಾಡಿದಿಯಲ್ಲ ತಂಗಿ. ಮಂದಿ ಚಪ್ಪಾಳೆನೂ ಹೊಡದಾರಂತ."

ಬೇಕಾದರೆ ಪ್ರತಿ ವಾರ ನಾನೊಬ್ಬನೇ ಬಂದು ಕರೆದೊಯ್ಯುತ್ತೇನೆ, ಬೇರೆ ಯಾರನ್ನೂ ನಂಬುವುದು ಬೇಡ, ಮಾತು ಕೊಡುತ್ತೇನೆ ಎಂದ ಮೋಹನರಾಜ. ವಾಣಿಶ್ರೀ ದನಿ ಏರಿಸದೆ ಹೇಳಿದಳು:

"ಬ್ಯಾಡ್ರಿ ಮೋಹನರಾಜ. ನೀವು ಕೆಟ್ಟ ಮಂದಿ ಅಂತ ನಾ ಅನ್ನಂಗಿಲ್ಲ. ಕೆಟ್ಟ ಮಂದಿ ಇದ್ರ ಬೈದು ಹಗುರ ಆಗ್ತಿದ್ದೆ. ನಿಮ್ಮ ಪಾಳಿನೂ ಬ್ಯಾಡ, ಕ್ಯಾಬೂ ಬ್ಯಾಡ. ನಾ ಪೇಟಿ ಬಾರಸಾಕ ಬರ್ತಿದ್ದೆ, ನೀವು ನನ್ನ ಸಾಮಾನಿನಂಗ ಒಯ್ಯಾಕ ಹತ್ತಿದ್ರಿ. ಹಳೇ ಖೋಲಿ ಶನಿವಾರ ಖಾಲಿ ಐತಿ, ಕೇಳೀನಿ. ಅಲ್ಲೇ ಕುಂದರತೀನಿ. ಯಾರೂ ಬರಲಿಲ್ಲಂದ್ರ ಒಬ್ಬಾಕಿನ ಬಾರಿಸಿ ಮನಿಗೆ ಬರ್ತೀನಿ, ತಡಾ ಆದ್ರ ನಂದ ತಡಾ, ತಪ್ಪಿದ್ರ ನಂದ ತಪ್ಪು. ನೀವು ಹಾಡಾಕ ಬಂದ್ರ ಛಲೋ, ಬರದಿದ್ರ ನಿಮ್ಮ ಖುಷಿ. ಕರಕೊಂಡು ಹೋಗತೀನಿ ಅಂತ ಮಾತ್ರ ಇನ್ನ ಯಾರೂ ನನ್ನ ಬಾಗಲಿಗೆ ಬರಬ್ಯಾಡ್ರಿ."