ಬೀಗ ಹಾಕಿದ ಕೋಣೆಯೊಳಗೆ ಆನ್ ಆದ ಲ್ಯಾಪ್‌ಟಾಪ್

ಇದನ್ನು ಈವರೆಗೆ ಇಬ್ಬರಿಗೆ ಮಾತ್ರ ಹೇಳಿದ್ದೇನೆ. ಇಬ್ಬರೂ ವೈರಿಂಗ್ ದೋಷ ಇರಬೇಕು ಎಂದರು. ಇರಬಹುದು. ಆದರೆ ನಾನು ಸಿವಿಲ್ ಇಂಜಿನಿಯರಿಂಗ್ ಓದಿದವಳು, ಕಂಡದ್ದಕ್ಕೆ ಬಣ್ಣ ಹಚ್ಚುವ ಅಭ್ಯಾಸ ನನಗಿಲ್ಲ. ಆ ರಾತ್ರಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಅಬುಧಾಬಿಯ ಖಾಲಿದಿಯಾದಲ್ಲಿ ಮಂಗಳೂರು ಕಡೆಯ ಶಾರದಕ್ಕನ ಫ್ಲ್ಯಾಟಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಧಾರವಾಡದಿಂದ ಹೋಗಿ ಕೆಲವೇ ತಿಂಗಳಾಗಿದ್ದವು. ಮೊಬೈಲುಗಳಿಗೆ ಇನ್ನೂ ಬಟನ್ ಇದ್ದ ಕಾಲ ಅದು. ಬೇಸಿಗೆ ರಜೆ ಬಿದ್ದೊಡನೆ ಅಲ್ಲಿನ ಸಂಸಾರಗಳೆಲ್ಲ ಊರಿಗೆ ಹೊರಡುತ್ತವೆ. ಶಾರದಕ್ಕನೂ ಗಂಡ, ಮಕ್ಕಳೊಂದಿಗೆ ಹೊರಟರು. ತಮ್ಮ ಮಲಗುವ ಕೋಣೆಗೆ ಬೀಗ ಹಾಕಿ, “ಮನೆ ನೋಡ್ಕೊ ಮಾರಾಯ್ತಿ, ಯಾರು ಬೆಲ್ ಮಾಡಿದ್ರೂ ತೆಗೀಬೇಡ” ಎಂದು ಹೇಳಿ ಹೋದರು.

ಅವರು ಹೋದ ಒಂದೆರಡು ದಿನಕ್ಕೆ ಹೀಗಾಯಿತು. ಮರುದಿನ ಬೆಳಿಗ್ಗೆ ಆಫೀಸಿಗೆ ಒಂದು ಟೆಂಡರಿನ ಅಂದಾಜು ಒಪ್ಪಿಸಬೇಕಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ತಪ್ಪಿದರೆ ವೀಸಾ ಕ್ಯಾನ್ಸಲ್ ಎಂದು ಮ್ಯಾನೇಜರ್ ಮೆಲ್ಲಗೆ, ನಗುತ್ತಲೇ ಹೇಳಿದ್ದರು. ಅರ್ಧ ಮುಗಿದ ಫೈಲೂ ಅದನ್ನು ತೆರೆಯುವ ಸಾಫ್ಟ್‌ವೇರೂ ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದವು. ಅದರ ಬ್ಯಾಟರಿ ಕೆಟ್ಟು ಬಹಳ ದಿನವಾಗಿತ್ತು, ಚಾರ್ಜರ್ ಸಿಕ್ಕಿಸಿದರಷ್ಟೇ ನಡೆಯುತ್ತಿತ್ತು.

ಸಂಜೆ ಬಂದು ಪ್ಲಗ್ ಹಾಕಿದೆ. ಚಾರ್ಜರಿನ ಹಸಿರು ದೀಪ ಹತ್ತಲಿಲ್ಲ.

ಅಡುಗೆಮನೆಯ ಸಾಕೆಟ್ಟಿನಲ್ಲಿ ನೋಡಿದೆ. ಹಾಲ್‌ನ ಸಾಕೆಟ್ಟಿನಲ್ಲಿ ನೋಡಿದೆ. ಅದೇ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆ ಹಾಕಿದರೆ ಬಿಸಿಯಾಗುತ್ತಿತ್ತು. ಬ್ಯಾಟರಿ ತೆಗೆದು, ಪವರ್ ಬಟನ್ ಒತ್ತಿ ಹಿಡಿದು, ಮತ್ತೆ ಜೋಡಿಸಿದೆ. ಏನೂ ಆಗಲಿಲ್ಲ.

ಎಲ್ಲವನ್ನೂ ಚೀಲಕ್ಕೆ ತುಂಬಿ ಕೆಳಗಿನ ಕಂಪ್ಯೂಟರ್ ಅಂಗಡಿಗೆ ಓಡಿದೆ. ಅಂಗಡಿಯವರು ಭಟ್ಕಳದವರು. ಅವರು ಪ್ಲಗ್ ಹಾಕಿದ್ದೇ ತಡ, ಹಸಿರು ದೀಪ ಹತ್ತಿತು. ಲ್ಯಾಪ್‌ಟಾಪ್ ತನ್ನ ಪುಟ್ಟ ರಾಗ ಹಾಡಿ ತೆರೆದುಕೊಂಡಿತು.

“ಮಾಫಿ ಮುಷ್ಕಿಲ್, ಏನೂ ತೊಂದರೆ ಇಲ್ಲ ಮೇಡಂ! ರೋಗ ಇಲ್ಲದೆ ಆಸ್ಪತ್ರೆಗೆ ತಂದಿದ್ದೀರಿ.”

“ಮನ್ಯಾಗ ಚಾಲೂನ ಆಗವಲ್ದ್ರಿ.”

“ಹಾಗಾದ್ರೆ ಮನೆಯನ್ನೇ ರಿಪೇರಿಗೆ ತನ್ನಿ” ಎಂದು ನಕ್ಕು ಅವರು ಶಟರ್ ಎಳೆಯಲು ಎದ್ದರು.

ಮನೆಗೆ ಬಂದು ಮತ್ತೆ ಹಾಕಿದೆ. ದೀಪವಿಲ್ಲ...

ಹಾಲಿನ ನೆಲದ ಮೇಲೆ, ಶಾರದಕ್ಕನ ಕೋಣೆಯ ಬಾಗಿಲಿಗೆ ಬೆನ್ನು ಮಾಡಿ ಕುಳಿತೆ. ಸುಮ್ಮನೆ ಇನ್ನೊಮ್ಮೆ ಬಟನ್ ಒತ್ತಿದೆ. ತೊಡೆಯ ಮೇಲಿನ ಲ್ಯಾಪ್‌ಟಾಪ್ ಕಲ್ಲಿನಂತೆ ತಣ್ಣಗಿತ್ತು.

ಬೆನ್ನ ಹಿಂದೆ, ಬೀಗ ಹಾಕಿದ ಕೋಣೆಯೊಳಗೆ ಆ ಪುಟ್ಟ ರಾಗ ಕೇಳಿಸಿತು.

ಮೊದಲು ಬಂದದ್ದು ಭಯವಲ್ಲ, ಅನುಮಾನ. ಒಳಗೆ ಯಾರೋ ಇದ್ದಾರೆ. ವಾಚ್‌ಮನ್ ಹತ್ತಿರ ಇನ್ನೊಂದು ಚಾವಿ ಇದ್ದರೆ? ಬಾಗಿಲ ಸಂದಿನಲ್ಲಿ ಬೆಳಕಿರಲಿಲ್ಲ, ನುಸಿಗುಳಿಗೆಯ ವಾಸನೆ ಮಾತ್ರ ಬರುತ್ತಿತ್ತು. ಉಸಿರು ಹಿಡಿದು ಕಾದೆ. ನಿಶ್ಶಬ್ದ. ಬ್ಯಾಟರಿ ಕಿತ್ತೆ, ಚಾರ್ಜರ್ ಕಿತ್ತೆ, ಬರೀ ಬಟನ್ ಒತ್ತಿದೆ.

ಒಳಗೆ ಮತ್ತೆ ಅದೇ ರಾಗ.

ಒತ್ತಿದರೆ ಶಬ್ದ. ಒತ್ತದಿದ್ದರೆ ಇಲ್ಲ.

ಫೋನ್ ಕಾರ್ಡ್ ಕೆರೆದು, ಊರಲ್ಲಿದ್ದ ಶಾರದಕ್ಕನಿಗೆ ಕರೆ ಮಾಡಿದೆ. ಯಾರಾದರೂ ಒಳಗಿದ್ದರೆ ಕೇಳಿಸಬಾರದೆಂದು ಪಿಸುಗುಟ್ಟಿದೆ. “ಅಕ್ಕಾರ, ನನ್ನ ಲ್ಯಾಪ್‌ಟಾಪ್ ಚಾಲೂ ಆಗವಲ್ದ್ರಿ. ಮುಂಜಾನೆ ಕೆಲಸ ಕೊಡಬೇಕು...”

ಶಾರದಕ್ಕ ಬಹಳ ಮೆಲ್ಲಗೆ, “ಶಬ್ದ ಬರ್ತಾ ಉಂಟಾ?” ಎಂದರು.

ನಾನು ಶಬ್ದದ ಸುದ್ದಿ ಎತ್ತಿಯೇ ಇರಲಿಲ್ಲ.

“ಎಂಥ ಶಬ್ದರಿ, ಅಕ್ಕಾರ?”

“ಏನಿಲ್ಲ. ಚಾವಿ ಹುಣಸೆಹಣ್ಣಿನ ಡಬ್ಬಿಯ ಹಿಂದೆ ಉಂಟು. ನಮ್ಮ ರೂಮಲ್ಲಿ ಕೂತು ಮಾಡು. ಕನ್ನಡಿ ಹತ್ತಿರದ ಪ್ಲಗ್. ಮತ್ತೆ... ಬಾಗಿಲು ಹಾಕ್ಕೊ, ಆಯ್ತಾ?”

ಗಂಡ ಹೆಂಡಿರ ಕೋಣೆಯನ್ನು ಅವರಿಲ್ಲದಾಗ ತೆರೆಯುವುದು ನನಗೆ ಸಾಧ್ಯವಾಗದ ಮಾತು. ಒಳಗೆ ಯಾರಿದ್ದಾರೋ ಎಂಬ ಹೆದರಿಕೆ ಬೇರೆ. ಆದರೆ ಬೆಳಿಗ್ಗೆ ಬರಿಗೈಯಲ್ಲಿ ಮ್ಯಾನೇಜರ್ ಮುಂದೆ ನಿಂತರೆ ಗತಿ ಏನು? ಚಾವಿ ತಿರುಗಿಸಿ, ಬಾಗಿಲನ್ನು ಕಾಲಿನಿಂದ ತಳ್ಳಿ, ದೂರ ನಿಂತು ಕೈ ಚಾಚಿ ದೀಪ ಹಾಕಿದೆ.

ಯಾರೂ ಇಲ್ಲ. ಚಾದರ ಮುಚ್ಚಿದ ಮಂಚ, ಬೀರು, ಕನ್ನಡಿ. ಮಂಚದ ಕೆಳಗೆ, ಬೀರುವಿನ ಒಳಗೆ, ಪರದೆಯ ಹಿಂದೆ ಎಲ್ಲ ನೋಡಿದೆ. ಕಂಪ್ಯೂಟರ್ ಇರಲಿ, ಒಂದು ರೇಡಿಯೋ ಕೂಡ ಇರಲಿಲ್ಲ.

ಕನ್ನಡಿ ಹತ್ತಿರ ಪ್ಲಗ್ ಹಾಕಿದೆ. ಹಸಿರು ದೀಪ ಹತ್ತಿತು. ಬಾಗಿಲು ಹಾಕಿ, ಚಿಲಕ ಜಡಿದು ಕೆಲಸಕ್ಕೆ ಕುಳಿತೆ.

ಕಬ್ಬಿಣದ ಲೆಕ್ಕ ಮುಗಿದಿತ್ತು, ಕಾಂಕ್ರೀಟಿಗೆ ಬಂದಿದ್ದೆ. ಆಗ ಕೇಳಿಸಿತು...

ಹಾಲಿನ ಆಚೆ, ನನ್ನ ಕೋಣೆಯಲ್ಲಿ ಆ ಪುಟ್ಟ ರಾಗ.

ನನ್ನ ಲ್ಯಾಪ್‌ಟಾಪ್ ನನ್ನ ಎದುರಿಗೇ, ಚಾಲೂ ಸ್ಥಿತಿಯಲ್ಲಿತ್ತು.

ಸ್ವಲ್ಪ ಹೊತ್ತು ಸುಮ್ಮನಾಯಿತು. ಮತ್ತೆ ರಾಗ. ಒತ್ತುವುದು, ಕಾಯುವುದು, ಮತ್ತೆ ಒತ್ತುವುದು. ಹಾಲಿನಲ್ಲಿ ಕುಳಿತು ನಾನು ಮಾಡಿದ ಹಾಗೆಯೇ. ಆ ಕಡೆ ಯಾರೋ ಚಾಲೂ ಆಗದ ಏನನ್ನೋ ಹಟ ಹಿಡಿದು ಚಾಲೂ ಮಾಡಲು ನೋಡುತ್ತಿದ್ದರು.

ನಾನು ಏಳಲಿಲ್ಲ. ಕಣ್ಣು ಪರದೆಯಿಂದ ಕೀಳಲಿಲ್ಲ. ಬೆರಳು ನಿಂತರೆ ಚಿಲಕ ಅಲುಗೀತು ಎನ್ನಿಸುತ್ತಿತ್ತು. ನಸುಕಿನ ಫಜರ್ ಪ್ರಾರ್ಥನೆಯ ಕರೆ ಕೇಳುವ ಹೊತ್ತಿಗೆ ಅಂದಾಜು ಮುಗಿದಿತ್ತು, ಆ ಕಡೆಯ ಶಬ್ದವೂ ನಿಂತಿತ್ತು. ನನ್ನ ಕೋಣೆಗೆ ಕಾಲಿಡದೆ, ಉಟ್ಟ ಬಟ್ಟೆಯಲ್ಲೇ ಆಫೀಸಿಗೆ ಹೋದೆ. ಕೆಲಸ ಉಳಿಯಿತು.

ಶಾರದಕ್ಕ ಬರುವವರೆಗೆ ಸಹೋದ್ಯೋಗಿಯೊಬ್ಬಳ ಮನೆಯಲ್ಲಿದ್ದೆ. ಸಾಮಾನು ಒಯ್ಯಲು ಹೋದ ದಿನ ಕೇಳಿಯೇ ಬಿಟ್ಟೆ. “ಶಬ್ದ ಬರ್ತದಂತ ನಿಮಗ ಹೆಂಗ ಗೊತ್ತಾತ್ರಿ, ಅಕ್ಕಾರ?”

“ಎಂಥ ಶಬ್ದ ಮಾರಾಯ್ತಿ? ನಾನು ಯಾವಾಗ ಹೇಳಿದೆ?” ಎಂದರು. ನನ್ನ ಮುಖ ನೋಡಲಿಲ್ಲ. ಯಾಕೆ ಬಿಟ್ಟು ಹೋಗುತ್ತಿದ್ದೀ ಎಂದೂ ಕೇಳಲಿಲ್ಲ.

ಅಷ್ಟರಲ್ಲಿ ಕೋಣೆ ನೋಡಲು ಮೈಸೂರಿನ ಹುಡುಗಿಯೊಬ್ಬಳು ಬಂದಳು. ಶಾರದಕ್ಕ ಅವಳ ಊರು, ಕೆಲಸ, ಬಾಡಿಗೆ ಯಾವುದನ್ನೂ ಕೇಳಲಿಲ್ಲ. ಕೇಳಿದ್ದು ಒಂದೇ.

“ನಿನ್ನ ಹತ್ರ ಲ್ಯಾಪ್‌ಟಾಪ್ ಉಂಟಾ?”

“ಇದೆ ಆಂಟಿ. ಯಾಕೆ?”

ಶಾರದಕ್ಕ ನನ್ನ ಖಾಲಿ ಕೋಣೆಯ ಕಡೆ ಒಮ್ಮೆ ತಿರುಗಿ ನೋಡಿದರು, ಒಳಗಿರುವ ಯಾರಿಗೋ ಈ ಮಾತು ಕೇಳಿಸಿತೇ ಎಂಬಂತೆ.