ಅಸ್ತು ದೇವತೆಗಳು ಓಡಾಡುವ ಹೊತ್ತಿನಲ್ಲಿ ಜೀವವಿಮೆ

ಗೆಳೆಯರೇ, ಈ ಪರದೇಶದಲ್ಲಿ ನಾರ್ವೆಸ್ಟ್ ಬಡಾವಣೆಯ ಆಫೀಸು ಕೆಲಸ ಬಿಟ್ಟು ಸ್ವಂತ ಇನ್ಶೂರೆನ್ಸ್ ಏಜೆನ್ಸಿ ತೆರೆದ ನನಗೆ ಇಂದು ಸಂಜೆ ಮೊದಲ ಗಿರಾಕಿ ಸಿಕ್ಕಿದ್ದರು. ಹತ್ತಿರದ ರೌಸ್ ಹಿಲ್ ಬಡಾವಣೆಯ ಮಂಜುನಾಥ್. ಅವರ ಮನೆಯಲ್ಲಿ ಕೂತು, "ಸರ್, ನಾಳೆ ನಿಮಗೇನಾದ್ರೂ ಆದ್ರೆ..." ಎಂದು ಶುರುಮಾಡಿದ್ದೆ ಅಷ್ಟೇ. ಹುಬ್ಬಳ್ಳಿಯಿಂದ ಬಂದಿರುವ ಅವರ ತಾಯಿ ಅಡುಗೆಮನೆಯಿಂದ ಧಾವಿಸಿ ಬಂದರು.

"ಬಿಡ್ತು ಅನ್ನು ತಮ್ಮಾ! ದೀಪಾ ಹಚ್ಚೂ ಹೊತ್ತಿನ್ಯಾಗ ಎಂಥಾ ಮಾತಾಡ್ತಿ? ಅಸ್ತು ದೇವತೆಗಳು ತಿರಗ್ಯಾಡ್ತಿರ್ತಾರ. ನಿನ್ನ ಮಾತಿಗೆ ಅಸ್ತು ಅಂದ್ಬಿಟ್ರ?"

"ಬಿಡ್ತು," ಎಂದೆ.

"ಅವ್ವಾ, ಹುಬ್ಬಳ್ಳ್ಯಾಗ ಈಗಿನ್ನೂ ಮಧ್ಯಾಹ್ನ," ಎಂದರು ಮಂಜುನಾಥ್.

"ದೇವತೆಗಳಿಗೆ ನಿನ್ನ ಗಡಿಯಾರ ಯಾಕ ಬೇಕು? ಎಲ್ಲಿ ಹೊತ್ತು ಮುಳಗ್ತದ ಅಲ್ಲಿ ಬರ್ತಾರ. ನಾಳೆ ಮುಂಜಾನೆ ಬಾ ತಮ್ಮಾ, ಚಹಾ ಕುಡ್ಕೋತ ಹೇಳು."

ಸಹಿಯಾಗದ ಪಾಲಿಸಿ ಹಿಡಿದು ಹೊರಗೆ ಬಂದೆ. ಹೆಂಚುಗಳ ಮೇಲೆ ಆಕಾಶ ಗುಲಾಬಿಯಾಗಿತ್ತು. ಬಿಳಿಯ ಕಾಕಟೂ ಗಿಳಿಗಳು ಗೂಡಿಗೆ ಮರಳುತ್ತಿದ್ದವು. ಅವುಗಳ ಹಿಂದೆಯೇ ದೇವತೆಗಳೂ ಬರುತ್ತಿದ್ದಾರೇನೋ ಎನ್ನಿಸಿತು. ಕಾರಿನ ಬಾಗಿಲು ಹಿಡಿದು ನಿಂತು, ಯಾರಿಗೂ ಕೇಳಿಸದಂತೆ ಬೇಡಿಕೊಂಡೆ:

"ಯಾರಿಗೂ ಏನೂ ಆಗ್ದೇ ಇರ್ಲಿ. ಆದ್ರೆ ಆಗ್ಬಹುದು ಅನ್ನೋ ಭಯ ಮಾತ್ರ ಎಲ್ಲರಿಗೂ ಸ್ವಲ್ಪ ಇರ್ಲಿ."