ಸಾಲಿನ ಕೊನೆಗೆ ನಿಲ್ಲುತ್ತಿದ್ದ ಭಟ್ಟರು

ಹೋದ ವಾರ ಹೊಸದಾಗಿ ತಂದ ಇಂಗಿನ ಡಬ್ಬಿಯನ್ನು ನನ್ನ ಹೆಂಡತಿ ಮೂಗಿನ ಹತ್ತಿರ ತಂದು, "ಅಸಲೀನಾ ನೋಡಿ, ಈಗೆಲ್ಲ ಎಂತೆಂತದೋ ಬೆರೆಸ್ತಾರೆ" ಎಂದಳು. ನಮ್ಮ ಮನೆಯಲ್ಲಿ ಅನುಮಾನದ ಪದಾರ್ಥವೆಲ್ಲ ಮೊದಲು ನನ್ನ ಹತ್ತಿರವೇ ಬರುತ್ತದೆ. ಮುಚ್ಚಳ ತೆಗೆದದ್ದೇ ಘಾಟು ನೆತ್ತಿಗೇರಿತು. ಅದರ ಹಿಂದೆಯೇ ಅಡುಗೆ ಭಟ್ಟರು ನೆನಪಿನಲ್ಲಿ ಬಂದು ನಿಂತರು. ಪಂಚೆ ಮೇಲೆತ್ತಿ ಕಟ್ಟಿ, ಮಾಸ್ಕು ಗದ್ದಕ್ಕಿಳಿಸಿ, ಸಾಲಿನ ಕಟ್ಟಕಡೆಗೆ...

ನಾನು ಬಸ್ಸುಗಳಲ್ಲಿ ಟಿಕೆಟ್ ಚೆಕಿಂಗ್ ಮಾಡಿ ನಿವೃತ್ತನಾದವನು. ಜೀವನವಿಡೀ ಜನರ ಮುಖ ನೋಡಿ ಅನುಮಾನಪಟ್ಟದ್ದಕ್ಕೇ ನನಗೆ ಸಂಬಳ ಸಿಕ್ಕಿದ್ದು. ಟಿಕೆಟ್ ಇಲ್ಲದವನು ನಾನು ಹತ್ತಿದ ಕೂಡಲೇ ಕಿಟಕಿಯಾಚೆ ನೋಡುತ್ತಾನೆ. ನೋಡಲು ಅಲ್ಲಿ ಏನೂ ಇರುವುದಿಲ್ಲ. ನಿವೃತ್ತಿಯಾದ ಮೇಲೂ ಈ ಕಣ್ಣು ಹೋಗಲಿಲ್ಲ, ಕೊರೊನಾ ಬಂದ ಮೇಲಂತೂ ಅದಕ್ಕೆ ಕೈತುಂಬ ಕೆಲಸವಾಯಿತು.

ಲಾಕ್‌ಡೌನ್ ಸಡಿಲವಾದ ಸಮಯ. ಕೊಪ್ಪದಲ್ಲಿ ನಮ್ಮ ಓಣಿಯಲ್ಲೇ ನಿವೃತ್ತ ಪೀಟಿ ಮೇಷ್ಟ್ರೊಬ್ಬರಿದ್ದರು. ಯಾವುದೋ ದೇಶದ ಮುದುಕರು ನಡೆದುಕೊಂಡೇ ಫುಟ್‌ಬಾಲ್ ಆಡುವುದನ್ನು ಅವರು ಮೊಬೈಲಿನಲ್ಲಿ ನೋಡಿದರು. ಅಷ್ಟು ಸಾಕಾಯಿತು. ಕೊಪ್ಪಕ್ಕೊಂದು, ಶೃಂಗೇರಿಗೊಂದು, ನರಸಿಂಹರಾಜಪುರಕ್ಕೊಂದು ತಂಡವೆದ್ದು ಲೀಗ್ ಶುರುವಾಯಿತು. ಅರವತ್ತು ದಾಟಿದವರೇ ಆಡಬೇಕು, ಓಡಿದರೆ ಸೀಟಿ, ಮೈ ತಾಗಿದರೆ ಸೀಟಿ. ಮೇಷ್ಟ್ರೇ ರೆಫ್ರಿ. ಶೃಂಗೇರಿಯ ಒಬ್ಬರು ಪಂಚೆ ಉಟ್ಟೇ ಆಡುತ್ತಿದ್ದರು. ಪಂಚೆಯೊಳಗೆ ಕಾಲು ನಡೆಯುತ್ತಿದೆಯೋ ಓಡುತ್ತಿದೆಯೋ ದೇವರೇ ಬಲ್ಲ! ನರಸಿಂಹರಾಜಪುರದ, ಗೋಲು ಕಾಯುವ ಗೋಲಿಯ ಕಪ್ಪು ಕೂದಲು ಕಂಡು ನಾನು ಆಧಾರ್ ಕಾರ್ಡನ್ನೇ ಕೇಳಿದೆ. ವಯಸ್ಸು ಸರಿಯಾಗಿಯೇ ಇತ್ತು, ಕೂದಲು ಮಾತ್ರ ಬಣ್ಣದ್ದು. ಆದರೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಅನುಮಾನ ರೋಗದ್ದು. ಕೊರೊನಾ ಬಂದರೆ ಮೊದಲು ವಾಸನೆ ಹೋಗುತ್ತದೆಂದು ಎಲ್ಲರ ಬಾಯಲ್ಲೂ ಇತ್ತು. ಅದಕ್ಕೇ ಮೇಷ್ಟ್ರು ಒಂದು ಉಪಾಯ ಮಾಡಿದರು. ಆಟಕ್ಕೆ ಮುಂಚೆ ಎಲ್ಲರೂ ಸಾಲಾಗಿ ನಿಲ್ಲಬೇಕು. ಒಬ್ಬೊಬ್ಬರಾಗಿ ಹೋಗಿ, ಕಣ್ಣು ಮುಚ್ಚಿ, ಅವರು ಹಿಡಿದ ಡಬ್ಬಿಯಲ್ಲಿ ಏನಿದೆಯೆಂದು ಮೂಸಿ ಹೇಳಬೇಕು. ಒಂದು ದಿನ ಕಾಫಿಪುಡಿ, ಒಂದು ದಿನ ಕರ್ಪೂರ, ಇನ್ನೊಂದು ದಿನ ಏಲಕ್ಕಿ. ಒಂದೇ ಡಬ್ಬಿಗೆ ಊರಿನ ಮೂಗನ್ನೆಲ್ಲ ಒಡ್ಡಿದರೆ ಇಲ್ಲದ ರೋಗವೂ ಬಂದೀತೆಂದು ಅಷ್ಟು ಜನರಲ್ಲಿ ಯಾರಿಗೂ ಹೊಳೆಯಲಿಲ್ಲ.

ಅಡುಗೆ ಭಟ್ಟರು ನಮ್ಮ ತಂಡದಲ್ಲಿ ಹಿಂದೆ ನಿಲ್ಲುವ ಆಟಗಾರ. ಮದುವೆ, ಉಪನಯನ, ತಿಥಿ ಎಂದು ಮೂರೂ ತಾಲೂಕು ಸುತ್ತಿ ಅಡುಗೆ ಮಾಡಿದವರು. ನಮ್ಮ ಕಡೆ ದೇವರ ನೈವೇದ್ಯ ಆಗುವವರೆಗೆ ಅಡುಗೆಯ ರುಚಿ ನೋಡುವಂತಿಲ್ಲ, ಎಂಜಲಾಗುತ್ತದೆ. ಉಪ್ಪು, ಹುಳಿ, ಖಾರ ಎಲ್ಲವನ್ನೂ ಆವಿ ಮೂಸಿಯೇ ಹೇಳಬೇಕು. ಹಾಗಾಗಿ ಅಡುಗೆಯವರಿಗೆ ಮೂಗೇ ಬಂಡವಾಳ. ಭಟ್ಟರು ಎಲ್ಲಿಗೆ ಹೋದರೂ ಜೊತೆಗೆ ಹೆಂಡತಿ ಇರುತ್ತಿದ್ದರು. ಈ ವಯಸ್ಸಲ್ಲೂ ಬಿಟ್ಟಿರಲಾರರು ಎಂದು ನಾವು ತಮಾಷೆ ಮಾಡುತ್ತಿದ್ದೆವು. ಕೊರೊನಾಕ್ಕೆ ಸ್ವಲ್ಪ ಮೊದಲು ಆಯಮ್ಮ ತೀರಿಹೋದರು. ಆಮೇಲೆ ಸಮಾರಂಭಗಳೇ ನಿಂತುಹೋಗಿ, ಭಟ್ಟರು ಖಾಲಿ ಕೈಯಲ್ಲಿ ಮೈದಾನಕ್ಕೆ ಬಂದರು.

ಅವರು ಯಾವಾಗಲೂ ಸಾಲಿನ ಕೊನೆಗೇ ನಿಲ್ಲುತ್ತಿದ್ದರು. ಮುಂದೆ ಹೋದವರು, "ಇವತ್ತು ಏಲಕ್ಕಿ ಮಾರಾಯ, ಪಾಯಸ ಇದ್ದಿದ್ರೆ ಆಗ್ತಿತ್ತು" ಎಂದೇನಾದರೂ ಹರಟುತ್ತ ಹಿಂದೆ ಬರುತ್ತಿದ್ದರು. ಭಟ್ಟರ ಸರದಿ ಬಂದಾಗ, ಡಬ್ಬಿ ಮೂಗಿಗೆ ಬರುವ ಮೊದಲೇ ಉತ್ತರ ಬಾಯಿಗೆ ಬಂದಿರುತ್ತಿತ್ತು. ಅಲ್ಲಿಯವರೆಗೆ ಅವರು ಮೈದಾನದಾಚೆ ನೋಡುತ್ತಿದ್ದರು. ಅಲ್ಲಿ ಏನೂ ಇರಲಿಲ್ಲ. ನನಗೆ ಆ ನೋಟ ಗೊತ್ತು. ಈ ಮನುಷ್ಯ ರೋಗ ಮುಚ್ಚಿಟ್ಟುಕೊಂಡು ನಮ್ಮ ನಡುವೆ ಓಡಾಡುತ್ತಿದ್ದಾನೆ ಎಂದು ನಾನು ತೀರ್ಮಾನಿಸಿದೆ.

ಶೃಂಗೇರಿಯವರ ಜೊತೆ ಆಟವಿದ್ದ ಒಂದು ಸಂಜೆ, "ಭಟ್ರೇ, ಇವತ್ತು ನೀವೇ ಮೊದಲು ಬನ್ನಿ" ಎಂದೆ. ಅವರು ಕದಲಲಿಲ್ಲ. ಎಲ್ಲರೂ ತಿರುಗಿ ನೋಡಿದ ಮೇಲೆ ಮುಂದೆ ಬಂದು ಕಣ್ಣು ಮುಚ್ಚಿದರು. ಮೇಷ್ಟ್ರು ಮುಚ್ಚಳ ತೆಗೆದರು. ಇಂಗಿನ ಘಾಟು ನಾನು ನಿಂತಲ್ಲಿಗೇ ಬಂತು. ಭಟ್ಟರು ಬಹಳ ಹೊತ್ತು ಮೂಸಿ, "ಏಲಕ್ಕಿ" ಎಂದರು.

ಯಾರೂ ನಗಲಿಲ್ಲ. ಎಲ್ಲರೂ ಒಟ್ಟಿಗೇ ಹಿಂದೆ ಸರಿದರು. ಶೃಂಗೇರಿಯವರು ಸೀದಾ ಜೀಪು ಹತ್ತಿದರು.

"ಎರಡು ದಿನದಿಂದ ಮೂಗು ಕಟ್ಟಿದೆ" ಎಂದಷ್ಟೇ ಹೇಳಿ ಭಟ್ಟರು ತಲೆ ತಗ್ಗಿಸಿ ಮನೆಗೆ ನಡೆದರು. ಮಾರನೇ ದಿನ ಅವರ ಬಾಗಿಲಿಗೆ ನೋಟೀಸು ಬಿತ್ತು. ಹಾಲಿನವನು ಬೇಲಿಯ ದಣಪೆಯ ಹೊರಗೇ ತಂಬಿಗೆಗೆ ಸುರಿದು ಓಡಿದ. ಆಸ್ಪತ್ರೆಯವರು ಬಂದು ಗಂಟಲ ದ್ರವ ತೆಗೆದುಕೊಂಡು ಹೋದರು. ಸ್ವಲ್ಪ ದಿನಕ್ಕೆ ರೋಗ ಇಲ್ಲವೆಂದು ಬಂತು.

ಊರವರು ನಿಟ್ಟುಸಿರು ಬಿಟ್ಟರು. ನನ್ನ ಅನುಮಾನ ಇನ್ನೂ ಹೆಚ್ಚಾಯಿತು. ರೋಗವಿಲ್ಲದವನಿಗೆ ಇಂಗು ಏಲಕ್ಕಿಯಾಗುವುದು ಹೇಗೆ? ನೋಡಿಯೇ ಬಿಡೋಣವೆಂದು ಒಂದು ಬೆಳಿಗ್ಗೆ ಅವರ ಮನೆಯ ಕಡೆ ಹೋದೆ. ದಣಪೆ ದಾಟುವ ಮೊದಲೇ ಹಾಲು ಸೀದ ವಾಸನೆ ಬಂತು. ಮಾಸ್ಕಿನೊಳಗೂ ಉಸಿರು ಕಟ್ಟುವಷ್ಟು. ಭಟ್ಟರು ಅಡುಗೆಮನೆಯ ಹೊಸ್ತಿಲಿಗೆ ಒರಗಿ, ಆರಾಮವಾಗಿ ಬೀನ್ಸ್ ನಾರು ತೆಗೆಯುತ್ತಿದ್ದರು. ಅವರ ಬೆನ್ನ ಹಿಂದೆಯೇ ಪಾತ್ರೆ ಕಪ್ಪಾಗುತ್ತಿತ್ತು.

"ಭಟ್ರೇ, ಹಾಲು!" ಎಂದು ಕೂಗಿದೆ.

ಅವರು ತಿರುಗಿ ನೋಡಿದರು. ಒಲೆ ಆರಿಸಿ ಬಂದು ನನ್ನೆದುರು ನಿಂತರು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರನ್ನು ಬೇಕಾದಷ್ಟು ನೋಡಿದ್ದೇನೆ, ಆದರೆ ಅಂಥ ಮುಖ ನೋಡಿರಲಿಲ್ಲ.

"ಸುಮಾರು ವರ್ಷ ಆಯ್ತು ಮಾರಾಯ್ರೆ. ಒಂದು ಜ್ವರ ಬಂದಿತ್ತು. ಜ್ವರ ಹೋಯ್ತು, ಮೂಗನ್ನೂ ತಗಂಡೇ ಹೋಯ್ತು. ಅವಳಿದ್ಲು. ಅವಳು ಮೂಸಿ ಹೇಳ್ತಿದ್ಲು, ನಾನು ಸೌಟು ಆಡಿಸ್ತಿದ್ದೆ."

"ಅವತ್ತೇ ಇದನ್ನ ಹೇಳಬಾರದಿತ್ತಾ? ಊರೆಲ್ಲ ನಿಮ್ಮನ್ನ ದೂರ ಇಟ್ರಲ್ಲ!"

"ಕೊರೊನಾ ಅಂದ್ರೆ ಹದಿನಾಲ್ಕು ದಿನಕ್ಕೆ ಬಿಡ್ತಾರೆ. ಭಟ್ರಿಗೆ ಮೂಗಿಲ್ಲ ಅಂತ ಗೊತ್ತಾದ್ರೆ ಇನ್ಯಾರು ಮಾರಾಯ್ರೆ ಅಡುಗೆಗೆ ಕರೀತಾರೆ? ನನಗೆ ಬೇರೆ ಎಂತದೂ ಬರದಿಲ್ಲ." ಪಂಚೆಗೆ ಕೈ ಒರೆಸಿಕೊಂಡು, "ನೀವು ಹೇಳ್ತೀರಾ?" ಎಂದರು.

"ಹೇಳಿದ್ರೆ ನಂಗೆಂತ ಸಿಗ್ತದೆ? ಮೊದಲು ಆ ಪಾತ್ರೆಗೆ ನೀರು ಹಾಕಿಡಿ" ಎಂದು ಬಂದುಬಿಟ್ಟೆ.

ಭಟ್ಟರು ಮತ್ತೆ ಆಟಕ್ಕೆ ಬಂದರು. ಸಾಲಿನಲ್ಲಿ ಅವರ ಮುಂದೆ ನಿಂತು ಉತ್ತರವನ್ನು ಗಟ್ಟಿಯಾಗಿ ಹೇಳುವ ಕೆಲಸ ನನ್ನದಾಯಿತು. ವಿಚಿತ್ರವೆಂದರೆ ಅಲ್ಲಿಂದಾಚೆ ಮೇಷ್ಟ್ರ ಡಬ್ಬಿಯಲ್ಲಿ ದಿನಾ ಕರ್ಪೂರವೇ. ವಯಸ್ಸಾಯಿತು, ಮರೆವು ಎಂದುಕೊಂಡೆ.

ಐವತ್ತು ಜನರ ಮದುವೆಗಳು ಶುರುವಾದವು. ಭಟ್ಟರು ಅಡುಗೆಗೆ ಹೊರಟರೆ ನಾನೂ ಹೊರಡುತ್ತಿದ್ದೆ. ಅಡುಗೆ ಚಪ್ಪರದ ಹೊರಗೆ, ಆವಿಯ ಗಾಳಿ ಬರುವ ಕಡೆ ನಿಂತು, ಮೂಸಿ ಭಟ್ಟರಿಗೆ ಸನ್ನೆ ಮಾಡುತ್ತಿದ್ದೆ. ಉಪ್ಪು ಸರಿಯಿದ್ದರೆ ಮಾಸ್ಕು ಮೇಲೆ, ಸಾಲದಿದ್ದರೆ ಮಾಸ್ಕು ಕೆಳಗೆ. ನಾನು ಕಲಿಯುವುದು ನಿಧಾನ. ನಮ್ಮ ಕೊಪ್ಪದ ಹತ್ತಿರದ ನಾರ್ವೆ ಊರಿನ ಒಂದು ಮದುವೆ ಸಪ್ಪೆ ಹುಳಿಯಲ್ಲೇ ಮುಗಿಯಿತು. "ಇಂಗು ತೆಂಗು ಇದ್ರೆ ಮಂಗನೂ ಅಡುಗೆ ಮಾಡ್ತದಂತೆ, ಚೆಕಿಂಗ್‌ನವ್ರಿಗೆ ಮಾತ್ರ ಬರ್ಲಿಲ್ಲ" ಎಂದು ಭಟ್ಟರು ಆ ದಿನ ಬಹಳ ನಕ್ಕರು. ಹೆಂಡತಿ ತೀರಿದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

ನನ್ನ ತಲೆನೋವೆಂದರೆ ಉಳಿದ ಆಟಗಾರರು. ನಾವು ಹೋದಲ್ಲೆಲ್ಲ ಮೇಷ್ಟ್ರು ಒಲೆಯ ಹತ್ತಿರವೇ ಸುಳಿಯುತ್ತಿದ್ದರು. ನರಸಿಂಹರಾಜಪುರದ ಗೋಲಿ ಯಾರೂ ಕರೆಯದಿದ್ದರೂ ನೀರು ಹೊತ್ತು ತಂದು ಹಂಡೆಯ ಪಕ್ಕ ನಿಲ್ಲುತ್ತಿದ್ದರು. ಶೃಂಗೇರಿ ಕಡೆಯ ಮನೆಗಳಾದರೆ ಪಂಚೆಯವರು ಹಾಜರು. ಬಿಸಿ ಹೋಳಿಗೆಯ ಆಸೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಇವರಿಂದ ಗುಟ್ಟು ರಟ್ಟಾದರೆ ಭಟ್ಟರ ಗತಿಯೇನೆಂದು ಏನಾದರೂ ನೆವ ಹೇಳಿ ಅವರನ್ನು ಅಲ್ಲಿಂದ ಅಟ್ಟುತ್ತಿದ್ದೆ. ಅವರೂ ನನ್ನನ್ನು ಅಷ್ಟೇ ಅನುಮಾನದಿಂದ ನೋಡುತ್ತಿದ್ದರು.

ಕೊರೊನಾ ಹೋಯಿತು, ಲೀಗ್ ಯಾವಾಗಲೋ ನಿಂತಿತು. ಭಟ್ಟರು ಕೊನೆಯವರೆಗೂ ಅಡುಗೆ ಬಿಡಲಿಲ್ಲ. ಒಂದು ಚಳಿಗಾಲದ ಬೆಳಿಗ್ಗೆ ಮಲಗಿದಲ್ಲೇ ಹೋಗಿದ್ದರು...

ವೈಕುಂಠ ಸಮಾರಾಧನೆಯನ್ನು ಅವರ ತಮ್ಮನ ಮಗ ಇಟ್ಟುಕೊಂಡಿದ್ದ. ಅಡುಗೆಗೆ ಎಲ್ಲಿಯವರೋ ಹೊಸಬರು. ನಾವೆಲ್ಲ ಎಲೆ ಮುಂದೆ ಕೂತಿದ್ದೆವು. ಅನ್ನ ಬಡಿಸುತ್ತಿದ್ದಾಗ ಗಾಳಿಯಲ್ಲಿ ಸಣ್ಣಗೆ ವಾಸನೆ ಬಂತು. ಪಾಯಸ ತಳ ಹಿಡಿಯುತ್ತಿದೆ. ಪಂಕ್ತಿಯ ನಡುವೆ ಏಳಬಾರದೆಂಬುದೂ ಮರೆತು ನಾನು ಎದ್ದು ನಿಂತೆ.

ಎದ್ದವನು ನಾನೊಬ್ಬನೇ ಆಗಿರಲಿಲ್ಲ. ಎದುರು ಸಾಲಿನಲ್ಲಿ ಮೇಷ್ಟ್ರು ನಿಂತಿದ್ದರು. ಅವರಾಚೆ ಗೋಲಿ, ಈ ಕಡೆ ನಮ್ಮ ತಂಡದ ಇನ್ನಿಬ್ಬರು. ಶೃಂಗೇರಿಯ ಪಂಚೆಯವರಂತೂ ಪಂಚೆ ಎತ್ತಿ ಹಿಡಿದು ಒಲೆಯ ಕಡೆ ಓಡುತ್ತಲೇ ಇದ್ದರು. ಯಾರೂ ಸೀಟಿ ಊದಲಿಲ್ಲ. ನಾವು ಇಂಗು ತಿಂದ ಮಂಗಗಳ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಭಟ್ಟರ ಗುಟ್ಟು ತನಗೊಬ್ಬನಿಗೇ ಗೊತ್ತೆಂದುಕೊಂಡು ಅಷ್ಟು ವರ್ಷ ಒಬ್ಬರನ್ನೊಬ್ಬರು ಒಲೆಯಿಂದ ಅಟ್ಟಿದ್ದು ಯಾತಕ್ಕೆಂದು ಆಗ ಎಲ್ಲರಿಗೂ ತಿಳಿಯಿತು.

ಓಡಿದವರು ಅರ್ಧ ದಾರಿಯಲ್ಲೇ ನಿಂತಿದ್ದರು. ಮೇಷ್ಟ್ರು ಕಣ್ಣೊರೆಸಿಕೊಂಡು, "ಕೂತ್ಕಳಿ ಮಾರಾಯ್ರೆ. ಇನ್ನು ಯಾರಿಗೆ ಹೇಳದು?" ಎಂದರು.

ಕೂತೆವು. ಸೀದ ಪಾಯಸವನ್ನೇ ಬಡಿಸಿದರು, ಎಲೆಯಲ್ಲಿ ಬಿಡದೆ ಉಂಡೆವು.

"ಎಂತ, ಅಸಲೀನಾ?" ಹೆಂಡತಿ ಇನ್ನೂ ಕಾಯುತ್ತಿದ್ದಳು. ಅಸಲಿಯೇ ಎಂದು ಡಬ್ಬಿ ಮುಚ್ಚಿ ಕೊಟ್ಟೆ. ಈಗಲೂ ಯಾವ ಮನೆಯ ಊಟಕ್ಕೆ ಹೋದರೂ ಉಪ್ಪು ಸರಿಯಿದೆಯೇ ಎಂದು ಆವಿಯಲ್ಲೇ ನನಗೆ ಗೊತ್ತಾಗಿಬಿಡುತ್ತದೆ. ಕೈ ತಾನಾಗಿ ಗದ್ದದ ಹತ್ತಿರ ಹೋಗುತ್ತದೆ. ಅಲ್ಲಿ ಮಾಸ್ಕು ಇರುವುದಿಲ್ಲ, ಒಲೆಯ ಹಿಂದಿನಿಂದ ಯಾರೂ ನನ್ನ ಕಡೆ ನೋಡುವುದಿಲ್ಲ.